ಬಾಡಿಗೆದಾರರ ಠೇವಣಿ ಬಾಡಿಗೆದಾರರದೇ: ಶಾಸಕರಿಗೂ ನ್ಯಾಯಾಧೀಶರಿಗೂ ಒಂದು ಬಹಿರಂಗ ಪತ್ರ

ಇವರಿಗೆ,
ಬಾಡಿಗೆ ಕಾನೂನುಗಳನ್ನು ರೂಪಿಸುವ ಮಾನ್ಯ ಶಾಸಕರು ಹಾಗೂ ಸಣ್ಣ ಮೊತ್ತದ ಹಣಕಾಸು ವ್ಯಾಜ್ಯಗಳನ್ನು ವಿಚಾರಿಸುವ ಮಾನ್ಯ ನ್ಯಾಯಾಧೀಶರು

ವಿಷಯ: ಮನೆ ತೆರವು ಮಾಡಿದವರ ಭದ್ರತಾ ಠೇವಣಿಯನ್ನು ಹಿಡಿದಿಟ್ಟುಕೊಂಡವರೇ ಅದಕ್ಕೆ ಕಾರಣವನ್ನು ರುಜುವಾತುಪಡಿಸುವಂತೆ ಮಾಡುವ ಕುರಿತು.

ಮಾನ್ಯರೇ,

ವಾಸವಿದ್ದ ಮನೆಯನ್ನು ಖಾಲಿ ಮಾಡಿ, ಬಾಡಿಗೆ ಮತ್ತು ವಿದ್ಯುತ್ ಬಿಲ್ಲಿನ ಬಾಕಿಯನ್ನೆಲ್ಲ ತೀರಿಸಿ, ಬೀಗದ ಕೈ ಒಪ್ಪಿಸಿದ ಮೇಲೂ ಭದ್ರತಾ ಠೇವಣಿ ಕೈಸೇರದ ಕಾರಣ ಹಿಂದಿನ ಮನೆಯ ಮಾಲೀಕರ ವಿರುದ್ಧ ದಾವೆ ಹೂಡಿ, ಅದನ್ನು ಕೊನೆಯವರೆಗೂ ನಡೆಸಿದ ಒಬ್ಬ ಸಾಮಾನ್ಯ ಬಾಡಿಗೆದಾರ ನಾನು. ತೀರ್ಪು ಬಹುಮಟ್ಟಿಗೆ ನನ್ನ ಪರವಾಗಿಯೇ ಬಂದಿದೆ. ಆದ್ದರಿಂದ ಸೋತ ಸಿಟ್ಟಿನಲ್ಲಿ ಬರೆದ ಪತ್ರವಿದೆಂದು ತಾವು ಭಾವಿಸಬಾರದೆಂದು ಮೊದಲಿಗೇ ಕೋರುತ್ತೇನೆ. ಗೆದ್ದ ಮೇಲೂ ಬರೆಯಬೇಕೆನಿಸಲು ಕಾರಣವಿದೆ. ಹಣ ನನ್ನದು, ಅದು ಇದ್ದದ್ದು ಮಾಲೀಕರ ಖಾತೆಯಲ್ಲಿ; ಆದರೂ ಅದನ್ನು ಏಕೆ ಹಿಂದಿರುಗಿಸಲಿಲ್ಲವೆಂದು ಅವರನ್ನು ಕೇಳುವ ಮೊದಲೇ ಅದು ನನಗೆ ಏಕೆ ಸೇರಬೇಕೆಂದು ನನ್ನನ್ನು ಕೇಳಲಾಯಿತು, ಮತ್ತು ವಿಚಾರಣೆಯ ಉದ್ದಕ್ಕೂ ಪ್ರಶ್ನೆಗಳು ಅದೇ ದಿಕ್ಕಿನಲ್ಲಿ ಸಾಗಿದವು.

ನಡೆದ ಸಂಗತಿಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಮನೆ ಬಿಟ್ಟ ಮೇಲೆ ಮಾಲೀಕರಿಂದ ಕೆಲಕಾಲ ಯಾವ ಉತ್ತರವೂ ಇರಲಿಲ್ಲ. ಕೇಳಿದಾಗಲೆಲ್ಲ ‘ನೋಡೋಣ’ ಎಂಬ ಮಾತು ಬಂತು, ಆಮೇಲೆ ಅದೂ ನಿಂತಿತು. ನಾನು ಲಿಖಿತವಾಗಿ ಕೇಳಿದ ಬಳಿಕ ದೂರವಾಣಿಯಲ್ಲಿ ಒಂದು ಪಟ್ಟಿ ಒಪ್ಪಿಸಿದರು: ಇಡೀ ಮನೆಗೆ ಬಣ್ಣ ಬಳಿಸಬೇಕು, ಸ್ನಾನದ ಮನೆಯ ಬಾಗಿಲು ಬದಲಿಸಬೇಕು, ಅಡುಗೆಮನೆಯ ನಲ್ಲಿ ಸೋರುತ್ತಿದೆ, ಶುಚಿಗೊಳಿಸುವ ಖರ್ಚು ಬೇರೆ. ಒಂದಕ್ಕೂ ರಸೀದಿ ಇರಲಿಲ್ಲ. ವಿಚಿತ್ರವೆಂದರೆ, ಎಲ್ಲವನ್ನೂ ಕೂಡಿದಾಗ ಬಂದ ಮೊತ್ತ ನಾನಿಟ್ಟ ಠೇವಣಿಗೆ ಸರಿಸುಮಾರು ಸಮನಾಗಿತ್ತು. ಇಂಥ ಪಟ್ಟಿಗಳಲ್ಲಿ ಬಹಳ ಸಲ ಮೊದಲು ನಿರ್ಧಾರವಾಗುವುದು ಕೂಡಿದ ಮೊತ್ತ, ಬಾಬ್ತುಗಳು ಆಮೇಲೆ ಸೇರಿಕೊಳ್ಳುತ್ತವೆ ಎಂಬ ನನ್ನ ಅನುಮಾನವನ್ನು ತಾವು ಒಪ್ಪಲೇಬೇಕಿಲ್ಲ. ಆದರೆ ನ್ಯಾಯಾಲಯದಲ್ಲಿ ಕುಳಿತು ಇತರರ ಪ್ರಕರಣಗಳನ್ನು ಕೇಳಿದಾಗ ಅದು ನನ್ನೊಬ್ಬನ ಅನುಮಾನವಲ್ಲವೆಂದು ತಿಳಿಯಿತು.

ನೋಟಿಸಿಗೆ ಉತ್ತರ ಬಾರದೆ ದಾವೆ ದಾಖಲಾಯಿತು. ಅಲ್ಲಿಯವರೆಗೆ ಮೌನವಾಗಿದ್ದ ಪ್ರತಿವಾದಿ, ಸಮನ್ಸ್ ಜಾರಿಯಾದ ಮೇಲೆ ತಕರಾರಿನೊಂದಿಗೆ ಒಂದು ಪ್ರತಿದಾವೆಯನ್ನೂ ಸಲ್ಲಿಸಿದರು. ದೂರವಾಣಿಯಲ್ಲಿ ಹೇಳಿದ ಪಟ್ಟಿ ಈಗ ಬೆಳೆದಿತ್ತು. ಠೇವಣಿಯನ್ನು ಪೂರ್ತಿ ಮುರಿದುಕೊಂಡರೂ ಸಾಲದು, ನಾನೇ ಇನ್ನಷ್ಟು ಕೊಡಬೇಕು ಎಂಬುದು ಅದರ ಸಾರ. ಪ್ರತಿದಾವೆ ಹೂಡುವುದು ಅವರ ಹಕ್ಕು ಎಂಬುದರಲ್ಲಿ ಎರಡು ಮಾತಿಲ್ಲ. ನಿಜವಾಗಿ ನಷ್ಟವಾದವರು ಅದನ್ನು ಕೇಳಲೇಬೇಕು. ಆದರೆ ಮನೆ ಕೈಗೆ ಬಂದ ದಿನ ಕಾಣದ ಹಾನಿ, ನೋಟಿಸು ತಲುಪಿದಾಗಲೂ ಕಾಣದ ಹಾನಿ, ಸಮನ್ಸ್ ಬಂದ ಕೂಡಲೇ ಕಾಣಿಸಿಕೊಂಡರೆ ಅದರ ಉದ್ದೇಶ ಬೇರೆಯೇ ಇರುತ್ತದೆ. ತನ್ನ ಹಣ ಕೇಳಲು ಬಂದವನಿಗೆ ಸಾಲಗಾರನಾಗುವ ಭಯ ಹುಟ್ಟಿಸಿದರೆ ಅವನು ಅರ್ಧಕ್ಕೋ ಕಾಲುಭಾಗಕ್ಕೋ ರಾಜಿಯಾಗಿ ಹೊರಟುಹೋಗುತ್ತಾನೆ. ಹಾಗೆ ಹೊರಟುಹೋದವರನ್ನು ನಾನು ಅದೇ ನ್ಯಾಯಾಲಯದ ಮೊಗಸಾಲೆಯಲ್ಲಿ ಕಂಡಿದ್ದೇನೆ. ಅಂಥ ಪ್ರಕರಣಗಳು ದಾಖಲೆಯಲ್ಲಿ ‘ರಾಜಿಯಾಗಿ ಇತ್ಯರ್ಥ’ ಎಂದೇ ಸೇರುತ್ತವೆ.

ನನ್ನನ್ನು ಉಳಿಸಿದ್ದು ಕಾಗದಗಳು. ಬಾಡಿಗೆ ಕರಾರು ಪತ್ರ, ಠೇವಣಿಯನ್ನು ಬ್ಯಾಂಕಿನ ಮೂಲಕ ಪಾವತಿಸಿದ ದಾಖಲೆ, ಮನೆಗೆ ಬಂದ ವಾರದಲ್ಲೇ ತೆಗೆದಿಟ್ಟ ಫೋಟೊಗಳು, ಬಿಡುವ ದಿನ ಅದೇ ಗೋಡೆ ಅದೇ ಬಾಗಿಲುಗಳನ್ನು ಮತ್ತೆ ತೆಗೆದ ಫೋಟೊಗಳು, ಬೀಗದ ಕೈ ತಲುಪಿತೆಂದು ಮಾಲೀಕರೇ ಕಳಿಸಿದ ಸಂದೇಶ, ನಲ್ಲಿ ಸೋರುತ್ತಿದೆಯೆಂದು ನಾನು ವಾಸವಿದ್ದಾಗಲೇ ದೂರಿದ್ದ ಹಳೆಯ ಸಂದೇಶ. ಈ ಕೊನೆಯದು ಇಲ್ಲದಿದ್ದರೆ ನಲ್ಲಿಯ ಖರ್ಚು ನನ್ನ ಮೇಲೆಯೇ ಬೀಳುತ್ತಿತ್ತೆಂದು ಖಚಿತವಾಗಿ ಹೇಳಬಲ್ಲೆ. ಪಾಟಿಸವಾಲಿನಲ್ಲಿ ಅತಿ ಹೆಚ್ಚು ಹೊತ್ತು ಹಿಡಿದದ್ದು ಫೋಟೊಗಳೇ: ಇವು ಇದೇ ಮನೆಯವೆಂದು ಹೇಗೆ ನಂಬುವುದು, ದಿನಾಂಕವನ್ನು ತಿದ್ದಿಲ್ಲವೆಂದು ಹೇಗೆ ಹೇಳುತ್ತೀರಿ, ಈ ಕೋನದಲ್ಲಿ ಕಾಣದ ಮೂಲೆಯಲ್ಲಿ ಏನಿತ್ತು. ಎಲ್ಲವೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಎದುರು ಪಕ್ಷದವರು ಒಂದೇ ಒಂದು ಫೋಟೊವನ್ನೂ ಹಾಜರುಪಡಿಸಿರಲಿಲ್ಲ, ಮತ್ತು ಏಕೆ ಹಾಜರುಪಡಿಸಲಿಲ್ಲವೆಂದು ಅವರನ್ನು ಯಾರೂ ಕೇಳಲಿಲ್ಲ.

ನನ್ನ ಪ್ರಕರಣಕ್ಕೆ ಮೊದಲು ಕರೆದ ಪ್ರಕರಣವೊಂದರಲ್ಲಿ ಒಬ್ಬ ಮಹಿಳೆ ಠೇವಣಿಯನ್ನು ನಗದಾಗಿ ಕೊಟ್ಟಿದ್ದರು. ರಸೀದಿ ಕೇಳಿದ್ದಕ್ಕೆ ‘ನಂಬಿಕೆ ಇಲ್ಲವೇ’ ಎಂದು ಮಾಲೀಕರು ನಕ್ಕಿದ್ದರಂತೆ. ಕರಾರು ಪತ್ರದಲ್ಲಿ ಮೊತ್ತದ ಜಾಗ ಖಾಲಿಯಿತ್ತು. ಪ್ರತಿವಾದಿ ಠೇವಣಿ ಪಡೆದದ್ದನ್ನೇ ಅಲ್ಲಗಳೆದರು. ಆಕೆಯ ಬಳಿ ಬಾಯಿಮಾತಿನ ಹೊರತು ಬೇರೇನೂ ಇರಲಿಲ್ಲ. ಹಣ ಪಡೆದವರು ರಸೀದಿ ಕೊಡಲೇಬೇಕೆಂಬ ನಿಯಮ ಕಟ್ಟುನಿಟ್ಟಾಗಿದ್ದರೆ, ಕೊಡದವರ ಮಾತಿಗೆ ತೂಕವಿಲ್ಲವೆಂದು ಕಾನೂನೇ ಹೇಳುತ್ತಿದ್ದರೆ, ಆಕೆ ಅಂದು ಅಳುತ್ತ ಹೋಗಬೇಕಾಗಿರಲಿಲ್ಲ. ‘ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ’ ಎಂಬ ಗಾದೆಯನ್ನು ನಾವು ತಮಾಷೆಗೆ ಆಡುತ್ತೇವೆ. ನ್ಯಾಯಾಲಯದ ಸಾಕ್ಷ್ಯ ನಿಯಮಗಳು ಅದನ್ನು ನಿಜವಾಗಿಸಬಾರದು.

ಇನ್ನು ಬಣ್ಣದ ವಿಚಾರ. ಠೇವಣಿ ಜಗಳಗಳಲ್ಲಿ ಇದರಷ್ಟು ಹೆಚ್ಚು ಬರುವ, ಇದರಷ್ಟು ಕಡಿಮೆ ಯೋಚಿಸಲ್ಪಡುವ ಬಾಬ್ತು ಇನ್ನೊಂದಿಲ್ಲವೆನಿಸುತ್ತದೆ. ಜನ ವಾಸಿಸುವ ಮನೆಯ ಗೋಡೆ ಮಾಸುತ್ತದೆ. ಕಿಟಕಿಯ ಬಳಿ ಬಿಸಿಲಿಗೆ ಬಣ್ಣ ತೆಳುವಾಗುತ್ತದೆ, ಸ್ವಿಚ್ಚಿನ ಸುತ್ತ ಕೈಗುರುತು ಮೂಡುತ್ತದೆ, ಮಂಚದ ತಲೆಭಾಗ ತಾಗಿದ ಕಡೆ ಗೆರೆ ಬೀಳುತ್ತದೆ. ಇದು ಸಹಜ ಸವೆತ. ಇದರ ಬೆಲೆಯನ್ನು ತಿಂಗಳು ತಿಂಗಳ ಬಾಡಿಗೆಯಲ್ಲಿ ಮಾಲೀಕರು ಆಗಲೇ ಪಡೆದಿರುತ್ತಾರೆ. ಗೋಡೆಯನ್ನು ಒಡೆದರೆ, ಬಾಗಿಲಿಗೆ ತೂತು ಕೊರೆದರೆ ಅದು ಹಾನಿ, ಅದಕ್ಕೆ ಬಾಡಿಗೆದಾರ ಹೊಣೆ. ಈ ಎರಡರ ನಡುವಿನ ಗೆರೆ ಅಷ್ಟೇನೂ ಅಸ್ಪಷ್ಟವಲ್ಲ. ಜಪಾನ್ ಇದಕ್ಕಾಗಿ 1998ರಲ್ಲೇ ಸರ್ಕಾರಿ ಮಾರ್ಗಸೂಚಿ ಹೊರಡಿಸಿತು, ಮತ್ತು 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ತಿದ್ದುಪಡಿಯ ಮೂಲಕ ಸಾಮಾನ್ಯ ಬಳಕೆಯ ಸವೆತವನ್ನು ಸರಿಪಡಿಸುವ ಹೊಣೆ ಬಾಡಿಗೆದಾರರದಲ್ಲವೆಂದು ತನ್ನ ನಾಗರಿಕ ಸಂಹಿತೆಯಲ್ಲಿಯೇ ಬರೆಯಿತು. ಆ ಮಾರ್ಗಸೂಚಿಯ ಲೆಕ್ಕದಲ್ಲಿ ಗೋಡೆಗೆ ಅಂಟಿಸುವ ವಾಲ್‌ಪೇಪರಿನ ಬೆಲೆ 6 ವರ್ಷಗಳಲ್ಲಿ ಬಹುತೇಕ ಶೂನ್ಯಕ್ಕಿಳಿಯುತ್ತದೆ. ಅಂದರೆ ಬಾಡಿಗೆದಾರರಿಂದ ಹಾನಿಯಾಗಿದ್ದರೂ, ಹಳೆಯ ವಸ್ತುವಿಗೆ ಹೊಸದರ ಬೆಲೆ ವಸೂಲು ಮಾಡುವಂತಿಲ್ಲ. ನನ್ನ ದಾವೆಯಲ್ಲಿ ಆ ಮನೆಗೆ ಹಿಂದೆ ಯಾವಾಗ ಬಣ್ಣ ಬಳಿಸಿದ್ದರೆಂಬ ಪ್ರಶ್ನೆಯನ್ನು ನಾನೇ ಎತ್ತಬೇಕಾಯಿತು. ಉತ್ತರ ಕೊಡಲು ಪ್ರತಿವಾದಿ ಒಂದು ವಾಯಿದೆ ಕೇಳಿದರು, ಕೊನೆಗೆ ‘ನೆನಪಿಲ್ಲ’ ಎಂದರು.

ಇಲ್ಲಿ ಮಾಲೀಕರ ಕಡೆಯ ಮಾತನ್ನೂ ಹೇಳದಿದ್ದರೆ ಈ ಪತ್ರ ಏಕಪಕ್ಷೀಯವಾಗುತ್ತದೆ. ಬಾಡಿಗೆ ಉಳಿಸಿಕೊಂಡು ರಾತ್ರೋರಾತ್ರಿ ಹೋದವರ ವಿರುದ್ಧ, ಮನೆಯನ್ನು ಗುರುತು ಸಿಗದಂತೆ ಮಾಡಿಟ್ಟು ಹೋದವರ ವಿರುದ್ಧ ಬಂದ ವೃದ್ಧ ಮಾಲೀಕರೊಬ್ಬರನ್ನೂ ನಾನು ಅಲ್ಲಿ ನೋಡಿದೆ. ಅವರ ಬಳಿ ರಿಪೇರಿಯ ರಸೀದಿಗಳಿದ್ದವು, ಫೋಟೊಗಳಿದ್ದವು, ಯಾವ ಬಾಬ್ತಿಗೆ ಎಷ್ಟು ಎಂಬ ಬರಹವಿತ್ತು. ಅವರಿಗೆ ಹೆಚ್ಚು ಮಾತಾಡಬೇಕಾಗಿಯೇ ಬರಲಿಲ್ಲ. ನಾನು ಕೇಳುತ್ತಿರುವ ವ್ಯವಸ್ಥೆಯಿಂದ ಅಂಥವರಿಗೆ ನಷ್ಟವಿಲ್ಲ. ಅವರು ಆಗಲೇ ಮಾಡಿದ್ದನ್ನು ಎಲ್ಲ ಮಾಲೀಕರೂ ಮಾಡಲಿ ಎಂಬುದಷ್ಟೇ ಬೇಡಿಕೆ.

ಮತ್ತು ಇದು ಎಲ್ಲೂ ಇಲ್ಲದ ಹೊಸ ಬೇಡಿಕೆಯೇನಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮನೆ ತೆರವಾದ 21 ದಿನಗಳೊಳಗೆ ಮಾಲೀಕರು ಠೇವಣಿಯನ್ನು ಮರಳಿಸಬೇಕು, ಕಡಿತ ಮಾಡಿದ್ದರೆ ಬಾಬ್ತುವಾರು ಲೆಕ್ಕ ಕೊಡಬೇಕು. ವ್ಯಾಜ್ಯ ನ್ಯಾಯಾಲಯಕ್ಕೆ ಬಂದರೆ ಕಡಿತದ ಮೊತ್ತ ಸಮಂಜಸವೆಂದು ತೋರಿಸುವ ಹೊಣೆ ಮಾಲೀಕರದೇ ಎಂದು ಅಲ್ಲಿನ ಕಾನೂನು ನೇರವಾಗಿ ಹೇಳುತ್ತದೆ. ದುರುದ್ದೇಶದಿಂದ ಹಣ ಹಿಡಿದಿಟ್ಟರೆಂದು ಕಂಡುಬಂದಲ್ಲಿ ಠೇವಣಿಯ ಎರಡು ಪಟ್ಟಿನವರೆಗೆ ದಂಡ ವಿಧಿಸಬಹುದು. 2025ರಿಂದ ಅಲ್ಲಿ ಮನೆ ತೆರವಾದ ಮೇಲೆ, ರಿಪೇರಿಗೆ ಮೊದಲು ಫೋಟೊ ತೆಗೆಯುವುದೂ ಮಾಲೀಕರ ಕರ್ತವ್ಯವಾಗಿದೆ. ಅಮೆರಿಕದ ಇನ್ನೊಂದು ರಾಜ್ಯವಾದ ಮ್ಯಾಸಚೂಸೆಟ್ಸ್‌ನಲ್ಲಿ ಗಡುವು 30 ದಿನ, ಆದರೆ ಉಳಿದ ನಿಯಮಗಳು ಇನ್ನೂ ಕಠಿಣ: ಠೇವಣಿಯನ್ನು ಬಡ್ಡಿ ಬರುವ ಪ್ರತ್ಯೇಕ ಖಾತೆಯಲ್ಲಿಡಬೇಕು, ನಿಯಮ ಮುರಿದವರು ಮೂರು ಪಟ್ಟು ತೆರಬೇಕಾಗಬಹುದು. ಈ ದಂಡಗಳು ಬೆದರಿಕೆಗಾಗಿ ಇರುವಂಥವೆಂದು ಕೆಲವರು ಟೀಕಿಸಬಹುದು. ಆದರೆ ದಂಡವಿಲ್ಲದ ಕಡೆ ಹಣ ಹಿಡಿದವರಿಗೆ ವಿಳಂಬದಿಂದ ಕಳೆದುಕೊಳ್ಳುವುದೇನೂ ಇರುವುದಿಲ್ಲ. ಕೊನೆಗೆ ಸೋತರೂ ಕೊಡುವುದು ಕೊಡಬೇಕಾಗಿದ್ದನ್ನೇ.

ಇಂಗ್ಲೆಂಡ್ ಮತ್ತು ವೇಲ್ಸ್ ಬೇರೆ ದಾರಿ ಹಿಡಿದವು. 2004ರ ವಸತಿ ಕಾಯ್ದೆಯಡಿ 2007ರ ಏಪ್ರಿಲ್‌ನಿಂದ ಠೇವಣಿಯನ್ನು ಮಾನ್ಯತೆ ಪಡೆದ ರಕ್ಷಣಾ ಯೋಜನೆಯೊಂದರಲ್ಲಿ ನೋಂದಾಯಿಸುವುದು ಅಲ್ಲಿ ಕಡ್ಡಾಯವಾಯಿತು. ಈಗ ಇಂಗ್ಲೆಂಡಿನಲ್ಲಿ ಅದಕ್ಕಿರುವ ಗಡುವು 30 ದಿನ. ತಪ್ಪಿದರೆ ನ್ಯಾಯಾಲಯವು ಠೇವಣಿಯ ಒಂದರಿಂದ ಮೂರು ಪಟ್ಟಿನವರೆಗೆ ಪರಿಹಾರ ಕೊಡಿಸುತ್ತದೆ. ಭಿನ್ನಾಭಿಪ್ರಾಯ ಬಂದರೆ ಶುಲ್ಕವಿಲ್ಲದೆ ದಾಖಲೆಗಳ ಆಧಾರದ ಮೇಲೆ ತೀರ್ಮಾನಿಸುವ ಪಂಚಾಯ್ತಿದಾರರು ಆ ಯೋಜನೆಗಳಲ್ಲೇ ಇರುತ್ತಾರೆ, ಮತ್ತು ಅವರು ಹೊರಡುವುದೇ ಠೇವಣಿ ಬಾಡಿಗೆದಾರರದು, ಅದರಿಂದ ಕಡಿತ ಬೇಕೆನ್ನುವವರು ಕಾರಣ ತೋರಿಸಲಿ ಎಂಬ ನೆಲೆಯಿಂದ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 1977ರಿಂದಲೂ ಠೇವಣಿ ಸರ್ಕಾರಿ ಮಂಡಳಿಯ ವಶದಲ್ಲಿರುತ್ತದೆ. ಜರ್ಮನಿಯ ನಾಗರಿಕ ಸಂಹಿತೆಯ ಪ್ರಕಾರ ಠೇವಣಿ ಮೂರು ತಿಂಗಳ ಮೂಲ ಬಾಡಿಗೆಯನ್ನು ಮೀರುವಂತಿಲ್ಲ. ನಗದಾಗಿ ಕೊಟ್ಟ ಮೊತ್ತವನ್ನು ಮಾಲೀಕರು ತಮ್ಮ ಸ್ವಂತ ಆಸ್ತಿಯಿಂದ ಬೇರೆಯಾಗಿಟ್ಟು, ಅದರ ಬಡ್ಡಿಯನ್ನೂ ಬಾಡಿಗೆದಾರರಿಗೇ ಸಲ್ಲಿಸಬೇಕು. ಭಾರತದ ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲೂ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯ ಮಿತಿಯಿದೆ, ಆದರೆ ಅದು ಮಾದರಿ ಮಾತ್ರ. ರಾಜ್ಯಗಳು ಅಂಗೀಕರಿಸಿದ ಹೊರತು ಅದಕ್ಕೆ ಬಲವಿಲ್ಲ.

ಮಿತಿ ಎಷ್ಟಿರಬೇಕೆಂಬ ಚರ್ಚೆಗೆ ನಾನು ಇಲ್ಲಿ ಇಳಿಯುವುದಿಲ್ಲ. ಮೊತ್ತ ದೊಡ್ಡದಾದಷ್ಟೂ ಜಗಳ ದೊಡ್ಡದು ಎಂಬುದು ಯಾರಿಗಾದರೂ ತಿಳಿಯುವಂಥದ್ದು. ನನ್ನ ಅನುಭವದಲ್ಲಿ ಅದಕ್ಕಿಂತ ಮುಖ್ಯವಾದದ್ದು ಹಣ ಯಾರ ವಶದಲ್ಲಿದೆ ಎಂಬುದು. ಮೂರನೆಯವರ ವಶದಲ್ಲಿದ್ದರೆ ಇಬ್ಬರಿಗೂ ವ್ಯಾಜ್ಯ ಬೇಗ ಮುಗಿಯಬೇಕೆಂಬ ಆಸೆ ಇರುತ್ತದೆ. ಒಬ್ಬರ ವಶದಲ್ಲೇ ಇದ್ದರೆ ಮುಂದೂಡಿಕೆಯೆಲ್ಲ ಅವರಿಗೆ ಲಾಭ. ನನ್ನ ಪ್ರಕರಣದಲ್ಲಿ ವಕೀಲರು ಬಂದಿಲ್ಲ, ದಾಖಲೆ ಸಿದ್ಧವಿಲ್ಲ, ಕಕ್ಷಿದಾರರಿಗೆ ಹುಷಾರಿಲ್ಲ ಎಂದು ಕೇಳಿದ ವಾಯಿದೆಗಳೆಲ್ಲ ಒಂದೇ ಕಡೆಯಿಂದ ಬಂದವು, ಮತ್ತು ಪ್ರತಿ ವಾಯಿದೆಗೂ ನಾನು ಕೆಲಸಕ್ಕೆ ರಜೆ ಹಾಕಿ ಬಂದು, ಮುಂದಿನ ದಿನಾಂಕ ಬರೆದುಕೊಂಡು ಹೋಗಬೇಕಾಯಿತು. ಸಣ್ಣ ಮೊತ್ತದ ದಾವೆಯಲ್ಲಿ ವಾಯಿದೆಯೇ ಶಿಕ್ಷೆ. ವ್ಯಾಜ್ಯದ ಖರ್ಚು ವ್ಯಾಜ್ಯದ ಮೊತ್ತವನ್ನು ಮೀರುವ ಹಂತವೊಂದು ಬರುತ್ತದೆ, ಅನುಭವಸ್ಥ ಪ್ರತಿವಾದಿಗಳು ಕಾಯುವುದು ಆ ಹಂತಕ್ಕಾಗಿಯೇ. ಕ್ಯಾಲಿಫೋರ್ನಿಯಾದ ಸಣ್ಣ ವ್ಯಾಜ್ಯಗಳ ನ್ಯಾಯಾಲಯದ ವಿಚಾರಣೆಯಲ್ಲಿ ಕಕ್ಷಿದಾರರ ಪರ ವಕೀಲರು ವಾದಿಸುವಂತೆಯೇ ಇಲ್ಲ. ಎರಡೂ ಕಡೆಯವರು ತಮ್ಮ ತಮ್ಮ ಕಾಗದಗಳನ್ನು ಹಿಡಿದು ನ್ಯಾಯಾಧೀಶರೆದುರು ನಿಂತು ಮಾತಾಡುತ್ತಾರೆ. ವಕೀಲ ವೃತ್ತಿಯ ಮೇಲೆ ನನಗೆ ಗೌರವವಿದೆ, ನನ್ನ ವಕೀಲರ ಮೇಲಂತೂ ಹೆಚ್ಚೇ ಇದೆ. ಆದರೂ ಒಂದು ನಲ್ಲಿ, ಒಂದು ಬಾಗಿಲು ಮತ್ತು ನಾಲ್ಕು ಗೋಡೆಗಳ ವಿಚಾರಕ್ಕೆ ಅಷ್ಟು ವಿಧಿವಿಧಾನ ಬೇಕೇ ಎಂಬ ಪ್ರಶ್ನೆ ಉಳಿಯುತ್ತದೆ.

ತೀರ್ಪಿನ ನಂತರದ ಮಾತನ್ನು ಯಾರೂ ಮೊದಲೇ ಹೇಳುವುದಿಲ್ಲ. ಡಿಕ್ರಿ ಕೈಗೆ ಬಂತೆಂದರೆ ಹಣ ಬಂತೆಂದಲ್ಲ. ಪ್ರತಿವಾದಿ ತಾವಾಗಿ ಕೊಡದಿದ್ದರೆ ಅಮಲ್ಜಾರಿಗೆ, ಅಂದರೆ ತೀರ್ಪನ್ನು ಜಾರಿಗೊಳಿಸಿ ಹಣ ವಸೂಲು ಮಾಡಿಸಲು, ಬೇರೆ ಅರ್ಜಿ ಹಾಕಬೇಕು, ಅವರ ಆಸ್ತಿಯ, ಬ್ಯಾಂಕ್ ಖಾತೆಯ ವಿವರವನ್ನು ಗೆದ್ದವರೇ ಹುಡುಕಿ ತಂದು ಕೊಡಬೇಕು. ಹಿಂದಿನ ಮಾಲೀಕರ ಖಾತೆಯ ಸಂಖ್ಯೆ ನನಗೆ ತಿಳಿದಿತ್ತು, ಏಕೆಂದರೆ ಪ್ರತಿ ತಿಂಗಳೂ ಬಾಡಿಗೆಯನ್ನು ಅದಕ್ಕೇ ಕಳಿಸಿದ್ದೆ. ಬಾಡಿಗೆಯನ್ನು ನಗದಾಗಿ ಕೊಡುತ್ತಿದ್ದವರು ಏನು ಮಾಡಬೇಕು?

ಆದ್ದರಿಂದ ಮಾನ್ಯ ನ್ಯಾಯಾಧೀಶರಲ್ಲಿ ನನ್ನ ವಿನಂತಿ ಹೀಗಿದೆ. ಕಾನೂನು ಬದಲಾಗುವವರೆಗೆ ಕಾಯದೆಯೂ ತಮ್ಮ ವಿವೇಚನೆಯಲ್ಲಿ ಸಾಧ್ಯವಿರುವುದು ಸಾಕಷ್ಟಿದೆ. ಠೇವಣಿ ಪಡೆದದ್ದನ್ನು ಪ್ರತಿವಾದಿ ಒಪ್ಪಿಕೊಂಡ ಕೂಡಲೇ ಮೊದಲ ಪ್ರಶ್ನೆಯನ್ನು ಅವರಿಗೆ ಕೇಳಿರಿ: ಎಷ್ಟು ಮುರಿದುಕೊಂಡಿರಿ, ಯಾವುದಕ್ಕೆ, ರಸೀದಿ ಎಲ್ಲಿ. ವಿವಾದವಿಲ್ಲದ ಮೊತ್ತವನ್ನು ವಿಚಾರಣೆ ಮುಗಿಯುವ ಮೊದಲೇ ಪಾವತಿಸುವಂತೆ, ವಿವಾದವಿರುವ ಮೊತ್ತವನ್ನು ನ್ಯಾಯಾಲಯದಲ್ಲಿ ಠೇವಣಿ ಇಡುವಂತೆ ಆದೇಶಿಸುವ ಅವಕಾಶವಿರುವ ಕಡೆಯೆಲ್ಲ ಅದನ್ನು ಬಳಸಿರಿ. ಹಣ ಅವರ ಕೈಬಿಟ್ಟ ದಿನದಿಂದ ಮುಂದೂಡಿಕೆಯ ಅರ್ಜಿಗಳು ತಾವಾಗಿಯೇ ಕಡಿಮೆಯಾಗುತ್ತವೆ. ದಾವೆಗೆ ಮೊದಲು ಎಂದೂ ಬರವಣಿಗೆಯಲ್ಲಿ ಹೇಳದ ಹಾನಿಯನ್ನು ಪ್ರತಿದಾವೆಯಲ್ಲಿ ಮೊದಲ ಬಾರಿಗೆ ಹೇಳಿದರೆ, ಆ ವಿಳಂಬಕ್ಕೆ ವಿವರಣೆ ಕೇಳಿರಿ. ಸಕಾರಣವಿಲ್ಲದೆ ವಾಯಿದೆ ಪಡೆದವರಿಂದ ಎದುರು ಪಕ್ಷದ ಆ ದಿನದ ಖರ್ಚನ್ನು ಅಂದೇ ಕೊಡಿಸಿರಿ.

ಶಾಸಕರಲ್ಲಿ ಕೇಳಿಕೊಳ್ಳುವುದೆಂದರೆ, ಠೇವಣಿ ಮರಳಿಸಲು ದಿನಗಳ ಲೆಕ್ಕದಲ್ಲಿ ಗಡುವೊಂದನ್ನು ಕಾನೂನಿನಲ್ಲಿ ನಿಗದಿಪಡಿಸಿರಿ, ಮತ್ತು ಆ ಗಡುವಿನೊಳಗೆ ಬಾಬ್ತುವಾರು ಲೆಕ್ಕ ಕೊಡದವರು ಠೇವಣಿಯಿಂದ ಕಡಿತ ಮಾಡುವ ಹಕ್ಕನ್ನು ಕಳೆದುಕೊಳ್ಳುವಂತೆ ಮಾಡಿರಿ. ಮನೆಗೆ ಬರುವಾಗಲೂ ಬಿಡುವಾಗಲೂ ಇಬ್ಬರೂ ಸಹಿ ಮಾಡಿದ ಸ್ಥಿತಿ ವರದಿ ಇರಲೇಬೇಕೆಂದು ವಿಧಿಸಿರಿ. ಅದನ್ನು ಸಿದ್ಧಪಡಿಸುವ ಹೊಣೆ ಮಾಲೀಕರದಾಗಿರಲಿ, ಸಹಿಗೆ ನಿರಾಕರಿಸಿದ ಬಾಡಿಗೆದಾರರು ಅದರ ಫಲವನ್ನು ತಾವೇ ಅನುಭವಿಸಲಿ. ಸಹಜ ಸವೆತವೆಂದರೇನು, ಬಣ್ಣ, ನೆಲಹಾಸು, ನಲ್ಲಿ, ಬಾಗಿಲುಗಳ ಬಾಳಿಕೆಯನ್ನು ಎಷ್ಟು ವರ್ಷವೆಂದು ಲೆಕ್ಕ ಹಿಡಿಯಬೇಕು ಎಂಬ ಮಾರ್ಗಸೂಚಿಯನ್ನು ಪ್ರಕಟಿಸಿರಿ. ಠೇವಣಿಯನ್ನು ಮಾಲೀಕರ ಕೈಯಲ್ಲಲ್ಲದೆ ಸ್ವತಂತ್ರ ಸಂಸ್ಥೆಯೊಂದರ ವಶದಲ್ಲಿಡುವ ವ್ಯವಸ್ಥೆ ಕೂಡಲೇ ಸಾಧ್ಯವಿಲ್ಲವೆನ್ನುವುದಾದರೆ, ಕನಿಷ್ಠ ಪಕ್ಷ ರಸೀದಿ ಕೊಡದೆ ಠೇವಣಿ ಪಡೆಯುವುದನ್ನು ದಂಡನೀಯವಾಗಿಸಿರಿ. ಠೇವಣಿ ಪ್ರಕರಣಗಳ ಡಿಕ್ರಿ ಅಮಲ್ಜಾರಿಗೆ ಪ್ರತ್ಯೇಕ ದಾವೆಯಷ್ಟೇ ಉದ್ದದ ಹಾದಿ ಬೇಡ. ತೀರ್ಪಿನ ದಿನವೇ ಸೋತ ಪಕ್ಷದವರು ತಮ್ಮ ಆಸ್ತಿ ಮತ್ತು ಖಾತೆಗಳ ವಿವರವನ್ನು ಪ್ರಮಾಣಪತ್ರದ ಮೂಲಕ ನ್ಯಾಯಾಲಯಕ್ಕೆ ಸಲ್ಲಿಸುವಂತೆ ನಿಯಮ ತನ್ನಿರಿ.

ನನ್ನ ಅಮಲ್ಜಾರಿ ಅರ್ಜಿಯ ವಿಚಾರಣೆ ಇನ್ನೂ ಬಾಕಿಯಿದೆ. ಮುಂದಿನ ದಿನಾಂಕದಂದು ನಾನು ಹಾಜರಿರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಮಾಜಿ ಬಾಡಿಗೆದಾರ